ಅಣ್ಣ ಮಾತ್ರೆ ನುಂಗುವ ಬಗೆ

ಜೂನ್ ೪

ಅತ್ತಿಗೆ,

ಮೊದಲು ಕ್ಷೇಮ ಸಮಾಚಾರ, ಮಿಕ್ಕಿದ್ದೆಲ್ಲ ಆಮೇಲೆ ಅಂತ ಕಾಗದ ಬರೆಯುವ ಕ್ರಮ ಹೇಳಿಕೊಟ್ಟವಳು ನೀನೇ. ಇವತ್ತು ಅದನ್ನು ತಲೆಕೆಳಗು ಮಾಡುತ್ತೇನೆ, ಬೈಯಬೇಡ. ನನಗೆ ಔಷಧದ ಗಾಡಿ ಕೊಟ್ಟಿದ್ದಾರೆ! ಬೀಗ ಹಾಕುವ, ತಳ್ಳಿದರೆ ಕಿರ್ರೋ ಅನ್ನುವ ಗಾಡಿ. ನಮ್ಮ ನರ್ಸಿಂಗ್ ತರಗತಿಯಲ್ಲಿ ಮೊದಲು ಸಿಕ್ಕಿದ್ದು ನನಗೇ. ಬೀಗದ ಕೈ ಜೇಬಿನಲ್ಲಿ ಇಟ್ಟುಕೊಂಡು ವಾರ್ಡಿನ ಈ ತುದಿಯಿಂದ ಆ ತುದಿಗೆ ಹೋದರೆ ಅಣ್ಣ ಬಂದರಿನಲ್ಲಿ ಕ್ರೇನ್ ನಡೆಸುವಾಗ ಹೀಗೇ ಅನ್ನಿಸುತ್ತದೇನೋ ಅಂದುಕೊಂಡೆ.

ಔಷಧ ಕೊಡುವುದು ಅಂದರೆ ಮಾತ್ರೆ ತೆಗೆದು ಕೈಗೆ ಹಾಕುವುದಲ್ಲ ಅತ್ತಿಗೆ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು. ದಾರಿ ಅಂದರೆ ಬಾಯಿಗೋ, ಸೂಜಿಗೋ, ಕಣ್ಣಿಗೋ ಅಂತ. ಇದರಲ್ಲಿ ಒಂದು ತಪ್ಪಿದರೂ ಔಷಧ ಔಷಧವಾಗಿ ಉಳಿಯುವುದಿಲ್ಲ ಅಂತ ನಮ್ಮ ವಾರ್ಡಿನ ದೊಡ್ಡ ಸಿಸ್ಟರ್ ದಿನಾ ಬಡಿದುಕೊಳ್ಳುತ್ತಾರೆ. ಅವರನ್ನು ಕಂಡರೆ ದೊಡ್ಡ ದೊಡ್ಡ ಡಾಕ್ಟರುಗಳೇ ಪಕ್ಕದ ಬಾಗಿಲಿನಿಂದ ಜಾರಿಕೊಳ್ಳುತ್ತಾರೆ. ನನಗೇನೂ ಹೆದರಿಕೆಯಿಲ್ಲ. ನನಗೆ ಈ ಐದೂ ನೀರು ಕುಡಿದಷ್ಟು ಸಲೀಸು.

ಫೋನ್ ಮಾಡಲಿಲ್ಲ ಅಂತ ಮುನಿಸಿಕೊಳ್ಳಬೇಡಿ. ಹಾಸ್ಟೆಲಿನಲ್ಲಿ ಇರುವುದು ಒಂದೇ ಫೋನು, ಅದೂ ವಾರ್ಡನ್ ಮೇಜಿನ ಮೇಲೆ. ನಾವು ಮಾತಾಡುವಾಗ ಅವರು ಪೇಪರ್ ಓದುವ ಹಾಗೆ ನಟಿಸುತ್ತಾ ಒಂದೇ ಪುಟದಲ್ಲಿ ಇರುತ್ತಾರೆ.

ನಿನ್ನ ಮೈದುನ


ಜೂನ್ ೧೨

ಮೈದುನರಾಯರ ಸನ್ನಿಧಿಗೆ,

ಗಾಡಿ ಸಿಕ್ಕಿದ ಸುದ್ದಿ ಓದಿ ಕನ್ನಡಕದ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ. ಅಂಗಡಿ ಯಜಮಾನರು, ‘ಏನಮ್ಮಾ, ಕಾರು ತಗೊಂಡ್ನಾ?’ ಅಂತ ಕೇಳಿದರು. ‘ಹೂಂ, ನಾಲ್ಕು ಗಾಲಿ ಇದೆ, ಇಂಜಿನ್ ಇವನೇ’ ಅಂದೆ. ಜಂಭ ಮಾತ್ರ ಸ್ವಲ್ಪ ಕಡಿಮೆ ಮಾಡು. ನಾನು ಕನ್ನಡಕದ ಗಾಜು ಉಜ್ಜಲು ಶುರುಮಾಡಿದ ಮೊದಲ ತಿಂಗಳು ನನಗೂ ಎಲ್ಲ ಸಲೀಸಾಗಿತ್ತು, ಎರಡನೇ ತಿಂಗಳಿನಿಂದ ಒಡೆಯಲು ಶುರುವಾಯಿತು.

ಇನ್ನು ಮೇಲೆ ಕಾಗದವನ್ನು ಮನೆಗೆ ಹಾಕಬೇಡ, ಅಂಗಡಿಯ ವಿಳಾಸಕ್ಕೆ ಹಾಕು. ಯಾಕೆ ಅಂತ ತಲೆ ತಿನ್ನಬೇಡ. ಮನೆಯಲ್ಲಾದರೆ ನಿಮ್ಮಣ್ಣ ನನಗಿಂತ ಮೊದಲು ಒಡೆದು ಓದುತ್ತಾರೆ, ಅಷ್ಟೇ.

ಒಂದು ವಿಷಯ ಕೇಳಬೇಕಿತ್ತು. ಅಂಗಡಿಗೆ ಬರುವ ಗಿರಾಕಿ ಒಬ್ಬರಿದ್ದಾರೆ. ಚಳಿಗಾಲದಲ್ಲಿ ರಕ್ತದೊತ್ತಡ ಅಂತ ಡಾಕ್ಟರು ಮಾತ್ರೆ ಬರೆದುಕೊಟ್ಟರಂತೆ. ಅಲ್ಲಿಂದ ಈಚೆಗೆ ಬೆಳಗಿನ ಹೊತ್ತು ತಲೆ ಸುತ್ತುತ್ತದೆ, ಮುಖ ಕೆಂಪಗಾಗುತ್ತದೆ, ಕಣ್ಣು ಕತ್ತಲಿಟ್ಟ ಹಾಗಾಗುತ್ತದೆ ಅನ್ನುತ್ತಾರೆ. ಮಧ್ಯಾಹ್ನ ದಾಟಿದರೆ ಏನೂ ಇಲ್ಲ, ಗುಂಡುಕಲ್ಲು. ಕನ್ನಡಕದ ನಂಬರು ಬದಲಾಗಿದೆಯೇನೋ ಅಂತ ನನ್ನ ಹತ್ತಿರ ಬಂದಿದ್ದರು. ನಂಬರು ಸರಿಯಾಗಿಯೇ ಇದೆ. ನಿನ್ನ ಪುಸ್ತಕದಲ್ಲಿ ಇದಕ್ಕೇನಾದರೂ ಹೇಳಿದೆಯಾ? ಗಿರಾಕಿ ಒಳ್ಳೆಯವರು, ಅದಕ್ಕೇ ಕೇಳಿದೆ.

ಊಟ ಸರಿಯಾಗಿ ಮಾಡು. ನೀನು ಕಳಿಸಿದ ಫೋಟೋದಲ್ಲಿ ನಿನ್ನ ಕುತ್ತಿಗೆ ಕಾಲರಿನೊಳಗೆ ಆಟವಾಡುತ್ತಿದೆ.

ಅತ್ತಿಗೆ


ಜೂನ್ ೧೯

ಅತ್ತಿಗೆ,

ನಿನ್ನ ಗಿರಾಕಿಗೆ ಹೀಗೆ ಹೇಳು. ರಕ್ತದೊತ್ತಡದ ಮಾತ್ರೆ ಶುರುಮಾಡಿದಾಗ ಕೆಲವರಿಗೆ ತಲೆ ಸುತ್ತುವುದುಂಟು. ಹಾಸಿಗೆಯಿಂದ ಧಡಕ್ಕನೆ ಏಳಬಾರದು. ಮೊದಲು ಕೂರಬೇಕು, ಆಮೇಲೆ ನಿಲ್ಲಬೇಕು. ನೀರು ಚೆನ್ನಾಗಿ ಕುಡಿಯಬೇಕು. ಮಾತ್ರೆಯನ್ನು ಒಂದು ದಿನ ಬಿಟ್ಟು ಮರುದಿನ ಎರಡು ನುಂಗುವ ಮಹಾನುಭಾವರು ನಮ್ಮ ವಾರ್ಡಿನಲ್ಲೂ ಇದ್ದಾರೆ, ಹಾಗೆ ಮಾಡಿದರೆ ಇನ್ನೇನಾಗುತ್ತದೆ? ದಿನಾ ತಪ್ಪದೆ ತಗೊಳ್ಳುತ್ತಾರಾ ಅಂತ ವಿಚಾರಿಸು. ತಗೊಳ್ಳುತ್ತಿದ್ದರೆ ತಾನಾಗಿಯೇ ಒಗ್ಗುತ್ತದೆ.

ಪಾಠ ಹೇಳಿದ್ದಕ್ಕೆ ದಕ್ಷಿಣೆ ಬೇಡ, ಮುಂದಿನ ಸಲ ನಾನು ಊರಿಗೆ ಬಂದಾಗ ನನ್ನ ತಂಪು ಕನ್ನಡಕಕ್ಕೆ ಹೊಸ ಗಾಜು ಹಾಕಿಕೊಡು.

ಮೈದುನ


ಜೂನ್ ೨೮

ಲೋ,

ದಿನಾ ತಪ್ಪದೆ ತಗೊಳ್ಳುತ್ತಾರೆ. ಒಂದೇ ಒಂದು ದಿನ ಬಿಟ್ಟಿಲ್ಲ. ಒಗ್ಗಲಿಲ್ಲ.

ಗಿರಾಕಿಯೂ ಇಲ್ಲ, ಗಿಣಿಯೂ ಇಲ್ಲ. ಅದು ನಿಮ್ಮಣ್ಣ. ನಿನಗೆ ಹೇಳಬಾರದು ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ‘ಅವನು ಓದ್ಲಿ ಬಿಡು, ಸುಮ್ನೆ ಯಾಕೆ ಅವನ ತಲೆಗೆ ಹುಳ ಬಿಡ್ತೀಯ’ ಅಂದರು. ಮೂರು ವಾರ ತುಟಿ ಪಿಟಿಕ್ಕೆನ್ನದೆ ಇದ್ದೆ. ಇನ್ನು ನನ್ನಿಂದಾಗುವುದಿಲ್ಲ.

ಹೋದ ಶುಕ್ರವಾರ ಏಣಿಯಲ್ಲಿ ಅರ್ಧ ಹತ್ತಿ ಕೂತುಬಿಟ್ಟರಂತೆ. ಆ ಕ್ರೇನಿನ ಎತ್ತರ ನೀನು ನೋಡಿದ್ದೀಯಲ್ಲ, ನಾನು ಕೆಳಗಿನಿಂದ ನೋಡಿದರೇ ನನ್ನ ಕಾಲಿನ ಬೆರಳುಗಳು ಮಡಚಿಕೊಳ್ಳುತ್ತವೆ. ಹಿಂದೆ ಬರುತ್ತಿದ್ದವರಿಗೆ ಬೂಟಿನ ದಾರ ಕಟ್ಟುತ್ತಿದ್ದೇನೆ ಅಂದರಂತೆ. ಇದನ್ನೂ ನನಗೆ ಹೇಳಿದ್ದು ಇವರಲ್ಲ. ಅವರ ಜೊತೆಗಾರನ ಹೆಂಡತಿ ಕನ್ನಡಕ ತಗೊಳ್ಳಲು ಬಂದವಳು ನಗುತ್ತಾ ಹೇಳಿದಳು. ನಾನೂ ನಕ್ಕೆ. ಅವಳು ಹೋದ ಮೇಲೆ ಗಾಜು ಉಜ್ಜುವ ಗಾಲಿ ನಿಲ್ಲಿಸಿ ಈ ಕಾಗದ ಬರೆಯಲು ಕೂತೆ.

ಡಾಕ್ಟರ ಹತ್ತಿರ ಹೋಗುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಪಾಳಿ ಮುಗಿಸಿ ಸಂಜೆ ಹೋಗುತ್ತಾರೆ. ಆಗ ನೋಡಿದರೆ ಒತ್ತಡ ಏರಿಯೇ ಇರುತ್ತದೆ. ‘ತಪ್ಪದೆ ತಗೊಳ್ತಾ ಇದೀರಾ?’ ಅಂತ ಅವರು ಕೇಳುತ್ತಾರೆ, ‘ಹೌದು ಸಾರ್’ ಅಂತ ಇವರು. ಸರಿ, ಇನ್ನೂ ಸ್ವಲ್ಪ ಜಾಸ್ತಿದು ಬರೆಯುತ್ತೇನೆ ಅಂತ ದೊಡ್ಡ ಮಾತ್ರೆ ಬರೆದುಕೊಟ್ಟರು. ತಲೆ ಸುತ್ತುವ ವಿಷಯ ಇವರು ಅಲ್ಲಿ ಬಾಯಿ ಬಿಡುವುದಿಲ್ಲ. ಬಂದರಿನವರ ಕಿವಿಗೆ ಬಿದ್ದರೆ ಅಂತ ಭಯ.

ಆಗಸ್ಟ್ ಹತ್ತಕ್ಕೆ ಕ್ರೇನಿನವರಿಗೆಲ್ಲ ವರ್ಷದ ಆರೋಗ್ಯ ತಪಾಸಣೆ. ಅದರಲ್ಲಿ ಫೇಲಾದರೆ ಕ್ರೇನ್ ಹತ್ತುವ ಹಾಗಿಲ್ಲ. ಗೇಟಿನ ಪಕ್ಕದ ಗೂಡಿನಲ್ಲಿ ಕೂತು ಲಾರಿಗಳಿಗೆ ಚೀಟಿ ಹರಿಯಬೇಕು. ‘ಅಲ್ಲಿ ಕೂತ್ರೆ ನಾನು ಸತ್ತಂಗೇ ಕಣೇ’ ಅಂದರು. ನಿಮ್ಮಣ್ಣ ಹಾಗೆಲ್ಲ ಮಾತಾಡುವವರಲ್ಲ, ನಿನಗೇ ಗೊತ್ತು. ತಪಾಸಣೆಯಲ್ಲಿ ಪಾಸಾದರೂ ನನಗೆ ಭಯವೇ. ಅಷ್ಟೆತ್ತರದಲ್ಲಿ ಕಣ್ಣು ಕತ್ತಲಿಟ್ಟರೆ ಗತಿಯೇನು?

ಏನಾದರೂ ಹೇಳು. ಅಂಗಡಿಗೇ ಬರೆ.

ಅತ್ತಿಗೆ


ಜುಲೈ ೫

ಅತ್ತಿಗೆ,

ಕಾಗದ ತಲುಪಿತು. ನಾನು ಇನ್ನೂ ಕಲಿಯುವವನು. ನನ್ನನ್ನು ಕೇಳಬೇಡ. ಡಾಕ್ಟರಿಗೇ ಎಲ್ಲ ಹೇಳಿ.

ಇಲ್ಲಿ ಕೆಲಸ ಜಾಸ್ತಿ ಇದೆ.

ಮೈದುನ


ಜುಲೈ ೧೧

ಸನ್ಮಾನ್ಯರೇ,

ತಮ್ಮ ಕಾಗದ ತಲುಪಿತು. ಅದನ್ನು ಕಾಗದ ಅನ್ನಬೇಕೋ ಬಸ್ ಟಿಕೀಟು ಅನ್ನಬೇಕೋ ತಿಳಿಯಲಿಲ್ಲ. ತಿರುಗಿಸಿ ಹಿಂದೆ ನೋಡಿದೆ, ಅಲ್ಲೂ ಏನೂ ಇರಲಿಲ್ಲ.

ಗಾಡಿ ಸಿಕ್ಕ ಮೇಲೆ ತಲೆಯ ಮೇಲೆ ಎರಡು ಕೊಂಬು ಬಂದಿವೆಯೇನೋ. ನಿಮ್ಮಪ್ಪ ಹೋದಾಗ ನೀನು ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದವನು. ಅವತ್ತಿನಿಂದ ನಿನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವರಿಗೆ ಕಣ್ಣು ಕತ್ತಲಿಡುತ್ತಿದೆ ಅಂತ ನಾನು ಬರೆದರೆ, ನಿನಗೆ ಕೆಲಸ ಜಾಸ್ತಿ. ಆಗಲಿ. ಚೆನ್ನಾಗಿ ಕೆಲಸ ಮಾಡು.

ನಿನ್ನೆ ರಾಗಿ ಬೀಸುವ ಹಾಗೆ ನಿನ್ನನ್ನು ಬೈದುಕೊಂಡೇ ಮೂರು ಜೊತೆ ಗಾಜು ಉಜ್ಜಿದೆ. ಮೂರೂ ಕೆಟ್ಟವು. ಅದೂ ನಿನ್ನ ಲೆಕ್ಕಕ್ಕೇ.

ಇಂತಿ,
ನಿನಗೆ ಅತ್ತಿಗೆಯಾಗಿದ್ದವಳು


ಜುಲೈ ೧೬

ಅತ್ತಿಗೆ,

ಬೈದದ್ದು ಒಳ್ಳೆಯದಾಯಿತು. ನಿಜ ಹೇಳುತ್ತೇನೆ, ಕೂತು ಓದು.

ಗಾಡಿ ಈಗ ನನ್ನ ಹತ್ತಿರ ಇಲ್ಲ. ಜೂನ್ ಕೊನೆಯಲ್ಲೇ ಕಿತ್ತುಕೊಂಡರು. ಈಗ ನಾನು ಹಾಸಿಗೆ ಬಟ್ಟೆ ಮಡಚುತ್ತೇನೆ, ಬೇಸಿನ್ ತೊಳೆಯುತ್ತೇನೆ.

ನಮ್ಮ ವಾರ್ಡಿನಲ್ಲಿ ಅಕ್ಕಪಕ್ಕ ಇಬ್ಬರು ತಾತಂದಿರು. ಒಬ್ಬರಿಗೆ ಸಕ್ಕರೆ ಕಾಯಿಲೆ, ಊಟಕ್ಕೆ ಮೊದಲು ಇಂಜೆಕ್ಷನ್ ಕೊಡಬೇಕು. ಇನ್ನೊಬ್ಬರಿಗೆ ಸಕ್ಕರೆಯೂ ಇಲ್ಲ, ಗಿಕ್ಕರೆಯೂ ಇಲ್ಲ, ಕಾಲು ಮುರಿದಿದೆ. ಕಿಟಕಿ ಪಕ್ಕ ಬೇಕು ಅಂತ ಇಬ್ಬರೂ ತಮ್ಮತಮ್ಮಲ್ಲೇ ಮಾತಾಡಿಕೊಂಡು ಹಾಸಿಗೆ ಬದಲಾಯಿಸಿಕೊಂಡುಬಿಟ್ಟಿದ್ದರು. ನಾನು ಇಂಜೆಕ್ಷನ್ ತುಂಬಿಕೊಂಡು ಹೋಗಿ, ‘ತಾತ, ಸಕ್ಕರೆ ಇಂಜೆಕ್ಷನ್ ನಿಮಗೇ ತಾನೇ?’ ಅಂದೆ. ‘ಹೂಂ ಮಗಾ’ ಅಂದರು. ಆ ತಾತ ಎಂಥ ಮರ್ಯಾದಸ್ಥರು ಅಂದರೆ ಬಿಳಿ ಕೋಟು ಹಾಕಿದವರು ಏನು ಕೇಳಿದರೂ ಹೂಂ ಅನ್ನುತ್ತಾರೆ. ನಾನು ತೋಳು ಒರೆಸಿ ಸೂಜಿ ಎತ್ತಿದೆ. ಹಿಂದಿನಿಂದ ದೊಡ್ಡ ಸಿಸ್ಟರ್ ನನ್ನ ಮಣಿಕಟ್ಟು ಹಿಡಿದುಕೊಂಡರು. ‘ತಾತ, ನಿಮ್ಮ ಹೆಸರು ಹೇಳಿ’ ಅಂದರು. ತಾತ ಹೇಳಿದ ಹೆಸರು ನನ್ನ ಚೀಟಿಯಲ್ಲಿ ಇರಲಿಲ್ಲ.

ಆ ಔಷಧ ಅವರಿಗೆ ಹೋಗಿದ್ದರೆ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದು ಪ್ರಜ್ಞೆ ತಪ್ಪುತ್ತಿತ್ತು, ಜೀವವೂ ಹೋಗಬಹುದಿತ್ತು. ಅವತ್ತಿನಿಂದ ಮಾತ್ರೆ ಅಂದರೆ ನನಗೆ ಭಯ. ಅಂಥ ಹೊತ್ತಿನಲ್ಲಿ ನೀನು ಅಣ್ಣನ ಮಾತ್ರೆಯ ಬಗ್ಗೆ ಏನಾದರೂ ಹೇಳು ಅಂತ ಬರೆದೆ. ನಾನು ಬಾಯಿ ತೆರೆದು ಅಣ್ಣನಿಗೂ ಏನಾದರೂ ಆಗಿಬಿಟ್ಟರೆ? ಅದಕ್ಕೇ ಆ ಬಸ್ ಟಿಕೀಟು. ಓದು ಬಿಟ್ಟು ಬರೋಣ ಅಂತ ಪೆಟ್ಟಿಗೆಯನ್ನೂ ಅರ್ಧ ತುಂಬಿದ್ದೇನೆ. ಅಣ್ಣನಿಗೆ ಹೇಳಬೇಡ.

ದೊಡ್ಡ ಸಿಸ್ಟರ್ ಅವತ್ತು ಬೈಯಲೇ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ‘ಉತ್ತರಾನ ನೀನೇ ಅವರ ಬಾಯಿಗಿಟ್ಟು ಕೇಳಿದ್ರೆ, ಅವರು ಅದನ್ನೇ ವಾಪಸ್ ಕೊಡ್ತಾರೆ. ಅವರೇ ಹೇಳೋ ಹಾಗೆ ಕೇಳು’ ಅಂದರು, ಅಷ್ಟೇ.

ಇವತ್ತು ಬೆಳಿಗ್ಗೆ ಬೇಸಿನ್ ತೊಳೆಯುತ್ತಾ ಇದನ್ನೇ ಯೋಚಿಸುತ್ತಿದ್ದೆ. ನಾನು ನಿನ್ನನ್ನು ಕೇಳಿದ್ದೇನು? ‘ತಪ್ಪದೆ ತಗೊಳ್ತಾರಾ?’ ಡಾಕ್ಟರು ಕೇಳಿದ್ದೂ ಅದನ್ನೇ. ಎಲ್ಲರೂ ಹೌದು ಅಂದಿರಿ. ಅತ್ತಿಗೆ, ಈಗ ಬೇರೆ ಥರ ಕೇಳುತ್ತೇನೆ. ಅಣ್ಣ ಮಾತ್ರೆ ಹೇಗೆ ತಗೊಳ್ಳುತ್ತಾನೆ? ನೀನು ಡಬ್ಬಿ ತೆರೆಯುವುದರಿಂದ ಹಿಡಿದು ಮಾತ್ರೆ ಅವನ ಹೊಟ್ಟೆ ಸೇರುವವರೆಗೂ ನಡೆಯುವುದೆಲ್ಲ ಬರೆ. ಸಿನಿಮಾ ಕಥೆ ಹೇಳುತ್ತೀಯಲ್ಲ, ಹಾಗೆ. ನನಗೇನೂ ಗೊತ್ತಿಲ್ಲ ಅಂದುಕೊಂಡು ಬರೆ.

ನಿನ್ನ ಮೈದುನ


ಜುಲೈ ೧೯

ಮರಿ,

ಮೊದಲು ಪೆಟ್ಟಿಗೆ ಖಾಲಿ ಮಾಡು. ಮಡಚಿದ್ದೆಲ್ಲ ಗೂಟಕ್ಕೆ ನೇತುಹಾಕು. ಎಂಥ ಹುಚ್ಚಪ್ಪ ನೀನು! ಇಷ್ಟೆಲ್ಲ ಹೊಟ್ಟೆಯೊಳಗೆ ಇಟ್ಟುಕೊಂಡು ‘ಕೆಲಸ ಜಾಸ್ತಿ’ ಅಂತ ಬರೆಯುವುದಾ? ನಾನು ಬೇರೆ ಸುಮ್ಮಸುಮ್ಮನೆ ಬೈದೆ. ಅವತ್ತು ಬರೆದದ್ದನ್ನೆಲ್ಲ ವಾಪಸ್ ತಗೊಂಡಿದ್ದೇನೆ. ತಾತ ಚೆನ್ನಾಗಿದ್ದಾರೆ ತಾನೇ? ಅಯ್ಯೋ, ನಾನೂ ನಿನ್ನ ಹಾಗೇ ಕೇಳಿದೆ ನೋಡು. ತಾತ ಹೇಗಿದ್ದಾರೆ?

ಇನ್ನು ನೀನು ಕೇಳಿದ್ದು. ಇದನ್ನು ಬರೆಯಲು ನನಗೆ ಇಷ್ಟವಿಲ್ಲ. ನಿಮ್ಮಣ್ಣನಿಗೆ ಗೊತ್ತಾದರೆ ನನ್ನನ್ನು ಕ್ರೇನಿಗೆ ಸಿಕ್ಕಿಸಿ ಸಮುದ್ರದ ಮೇಲೆ ತೂಗಾಡಿಸುತ್ತಾರೆ. ನೀನು ಸಿನಿಮಾ ಥರ ಬರೆ ಅಂದಿದ್ದೀಯ, ಅದಕ್ಕೇ ಬರೆಯುತ್ತೇನೆ. ಓದಿ ಹರಿದುಹಾಕು.

ನಿಮ್ಮಣ್ಣನಿಗೆ ಮಾತ್ರೆ ನುಂಗಲು ಬರುವುದಿಲ್ಲ.

ನಗಬೇಡ. ಅಷ್ಟೆತ್ತರದ ಕ್ರೇನಿನಲ್ಲಿ ಕೂರುವ ಗಂಡಸು, ಕಡಲೆ ಗಾತ್ರದ ಮಾತ್ರೆ ಕಂಡರೆ ಹಿಂದೆ ಸರಿಯುತ್ತಾರೆ. ನಾಲಿಗೆಯ ಮೇಲಿಟ್ಟು ಒಂದು ಚೊಂಬು ನೀರು ಕುಡಿಯುತ್ತಾರೆ. ನೀರೆಲ್ಲ ಹೋಗುತ್ತದೆ, ಮಾತ್ರೆ ಅಲ್ಲೇ ಕೂತಿರುತ್ತದೆ. ಆಮೇಲೆ ಓಕರಿಕೆ, ಕಣ್ಣೀರು. ಶುರುವಿನಲ್ಲಿ ಮೂರು ದಿನ ಇದೇ ನಾಟಕ. ‘ಯಾರಿಗೂ ಹೇಳ್ಬೇಡ್ವೇ, ಮಾನ ಹೋಗುತ್ತೆ’ ಅಂದರು. ನಾನು ಯಾರು? ದಿನವಿಡೀ ಉಜ್ಜುವುದೇ ನನ್ನ ಕಸುಬು. ‘ಇಲ್ಲಿ ಕೊಡಿ’ ಅಂದೆ.

ಬೆಳಿಗ್ಗೆ ಪಾಳಿಗೆ ಹೊರಡುವ ಮೊದಲು ಚಿಕ್ಕ ಕಲ್ಲಿನ ಕುಟ್ಟಾಣಿಯಲ್ಲಿ ಮಾತ್ರೆ ಹಾಕಿ ಅರೆಯುತ್ತೇನೆ. ಮೇಲೆ ಒಂದು ಗಟ್ಟಿ ಸಿಪ್ಪೆ ಥರ ಇದೆ, ಅದು ಸ್ವಲ್ಪ ಹಟ ಮಾಡುತ್ತದೆ, ಆದರೆ ನನ್ನ ಕೈಗೆ ಬಗ್ಗದೆ ಎಲ್ಲಿಗೆ ಹೋದೀತು! ಬೆರಳಿಗೆ ತರಿ ಸಿಗಬಾರದು, ಹಾಗೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಅರೆದು ಒಂದು ಚಮಚ ಹಣ್ಣಿನ ಜಾಮಿನಲ್ಲಿ ಕಲಸಿ ಕೊಡುತ್ತೇನೆ. ಚಪ್ಪರಿಸಿಕೊಂಡು ತಿಂದು ಬೂಟು ಹಾಕಿಕೊಳ್ಳುತ್ತಾರೆ. ಒಂದು ಚೂರೂ ಪೋಲಾಗುವುದಿಲ್ಲ, ಕುಟ್ಟಾಣಿಯನ್ನೂ ಜಾಮಿನಿಂದಲೇ ಒರೆಸಿಬಿಡುತ್ತೇನೆ. ಈ ವಿಷಯದಲ್ಲಿ ಮಾತ್ರ ನೀನು ನನ್ನ ಮೇಲೆ ಬೆರಳು ತೋರಿಸುವ ಹಾಗಿಲ್ಲ.

ಈಗ ಬಂದಿರುವ ದೊಡ್ಡ ಮಾತ್ರೆಯನ್ನೂ ಹೀಗೇ. ಆಯಿತು ನಿನ್ನ ಸಿನಿಮಾ. ಏನಾದರೂ ಉಪಯೋಗವಾಯಿತಾ?

ಅತ್ತಿಗೆ


ಜುಲೈ ೨೨

ಅತ್ತಿಗೆ,

ಬೆಳಿಗ್ಗೆ ಫೋನಿನಲ್ಲಿ ನಾನು ಕಿರುಚಿದೆ. ಕ್ಷಮಿಸು. ನಿನ್ನನ್ನು ಗದರಿದ್ದಲ್ಲ, ಜೀವ ಬಾಯಿಗೆ ಬಂದಿತ್ತು. ನೀನು ‘ಹಾಂ’ ಅಂದವಳು ಫೋನ್ ಇಡದೆಯೇ ಓಡಿದೆ ಅಂತ ಕಾಣುತ್ತದೆ. ಆಮೇಲೆ ಬಹಳ ಹೊತ್ತು ನಿಮ್ಮ ಅಂಗಡಿ ಯಜಮಾನರು ಯಾರಿಗೋ ಫ್ರೇಮ್ ತೋರಿಸುವುದು ಕೇಳಿಸುತ್ತಿತ್ತು. ಈ ಕಾಗದ ತಲುಪುವಷ್ಟರಲ್ಲಿ ಎಲ್ಲ ಸರಿಹೋಗಿರಲಿ.

ನಡೆದದ್ದು ಹೀಗೆ. ನಿನ್ನ ಕಾಗದ ವಾರ್ಡಿಗೇ ಬಂತು. ‘ಗಟ್ಟಿ ಸಿಪ್ಪೆ’ ಅನ್ನುವಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ ಎದ್ದೆ. ದೊಡ್ಡ ಸಿಸ್ಟರ್ ಹತ್ತಿರ ಹೋಗಿ ಓದಿ ಹೇಳಿದೆ. ನೀನು ಹರಿದುಹಾಕು ಅಂದಿದ್ದೆ, ನಾನು ತೋರಿಸಿಬಿಟ್ಟೆ, ಬೈದುಕೋ. ‘ಮಾತ್ರೆ ಹೆಸರೇನು?’ ಅಂದರು. ನಿನ್ನ ಕಾಗದದಲ್ಲಿ ಹೆಸರಿರಲಿಲ್ಲ. ‘ಇರ್ಲಿ. ನೀನು ಮಾತ್ರೆ ಬದಲಾಯಿಸೋನೂ ಅಲ್ಲ, ನಿಲ್ಸೋನೂ ಅಲ್ಲ. ಕ್ರೇನ್ ಹತ್ಬೇಡಿ, ಪೊಟ್ಟಣದ ಸಮೇತ ಈಗ್ಲೇ ಡಾಕ್ಟ್ರ ಹತ್ರ ಹೋಗಿ, ಹೇಗೆ ಕೊಡ್ತಿದ್ರೋ ಹಾಗೇ ಹೇಳಿ. ಇಷ್ಟೇ ಹೇಳು, ಇದಕ್ಕಿಂತ ಒಂದಕ್ಷರ ಜಾಸ್ತಿ ಹೇಳ್ಬೇಡ’ ಅಂತ ತಮ್ಮ ಮೇಜಿನ ಫೋನನ್ನೇ ನನ್ನ ಕಡೆ ತಳ್ಳಿದರು.

ಫೋನಿನಲ್ಲಿ ಹೇಳಲಾಗದ್ದನ್ನು ಈಗ ಹೇಳುತ್ತೇನೆ. ಕೆಲವು ಮಾತ್ರೆಗಳನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ. ಒಂದು ಇಡೀ ದಿನಕ್ಕಾಗುವ ಔಷಧ ಅದರೊಳಗಿರುತ್ತದೆ, ಹೊಟ್ಟೆಯಲ್ಲಿ ಚೂರುಚೂರೇ ಹೊರಗೆ ಬರಬೇಕು. ಹಾಗೆ ಬರಲಿ ಅಂತಲೇ ಆ ಸಿಪ್ಪೆ. ಅರೆದರೆ ದಿನವಿಡೀ ತೊಟ್ಟಿಕ್ಕಬೇಕಾದ ನಲ್ಲಿಯನ್ನು ಒಂದೇ ಸಲ ಪೂರ್ತಿ ತಿರುಗಿಸಿದ ಹಾಗೆ. ಬೆಳಿಗ್ಗೆ ಎಲ್ಲ ಒಟ್ಟಿಗೆ ರಕ್ತಕ್ಕೆ ಸೇರಿ ಒತ್ತಡ ಕುಸಿಯುತ್ತದೆ, ಕಣ್ಣು ಕತ್ತಲಿಡುತ್ತದೆ. ಸಂಜೆಗೆ ಏನೂ ಉಳಿದಿರುವುದಿಲ್ಲ, ಒತ್ತಡ ಏರುತ್ತದೆ. ಡಾಕ್ಟರು ನೋಡುವುದು ಸಂಜೆಯದನ್ನು. ಅದಕ್ಕೇ ಇನ್ನೂ ಜಾಸ್ತಿ ಬರೆದರು. ಅಣ್ಣನ ಮಾತ್ರೆ ಇದೇ ಜಾತಿಯದು ಅಂತ ನಮ್ಮ ಅನುಮಾನ. ಖಂಡಿತವಾಗಿ ಹೇಳಬೇಕಾದವರು ನಿಮ್ಮ ಡಾಕ್ಟರು.

ನಿನ್ನ ತಪ್ಪು ಅಂತ ಕೂತು ಅಳಬೇಡ. ಅರೆಯಬಾರದು ಅಂತ ನಿನಗೆ ಹೇಳಿದವರು ಯಾರು? ನನಗೆ ಅಣ್ಣನ ಮೇಲೆ ಸಿಟ್ಟಿಲ್ಲ, ನಿನ್ನ ಮೇಲೂ ಇಲ್ಲ. ಬರೀ ಭಯವಾಗುತ್ತಿದೆ. ಕಿಟಕಿಯ ಹತ್ತಿರ ಕೂತು ಟಪಾಲಿನವನನ್ನು ಈಗಿನಿಂದಲೇ ಕಾಯುತ್ತಿದ್ದೇನೆ.

ಮೈದುನ


ಜುಲೈ ೨೫

ಮರಿ,

ಬದುಕಿದೆವು ಕಣೋ! ಅದನ್ನು ಮೊದಲೇ ಬರೆಯುತ್ತೇನೆ, ಇಲ್ಲದಿದ್ದರೆ ಕೊನೆಯ ಸಾಲಿಗೆ ಹಾರುತ್ತೀಯ.

ಹೂಂ, ಫೋನ್ ಬಿಟ್ಟು ಓಡಿದೆ, ಮನೆಯ ಮೂಲೆಯಲ್ಲಿ ಬಿದ್ದಿದ್ದ ಪೊಟ್ಟಣ ಎತ್ತಿಕೊಂಡು ಬಂದರಿಗೆ. ಮೈಮೇಲೆ ಗಾಜಿನ ಪುಡಿಯ ಏಪ್ರನ್ನು ಹಾಗೇ ಇತ್ತು. ಬಂದರಿನ ಗೇಟಿನವನು ಪಾಸ್ ತೋರಿಸಿ ಅಂದ. ‘ನನ್ನ ಗಂಡನ್ನ ಕೆಳಗಿಳಿಸು, ಆಮೇಲೆ ಪಾಸು ಗೀಸು’ ಅಂದೆ. ಅವನಿಗೆ ಏನು ಅರ್ಥವಾಯಿತೋ, ಮೈಕ್ ತೆಗೆದುಕೊಂಡು, ‘ನಾಲ್ಕನೇ ಕ್ರೇನ್, ನಿಮ್ಮ ಮನೆಯವರು ಬಂದಿದಾರೆ, ತಕ್ಷಣ ಇಳೀಬೇಕಂತೆ’ ಅಂತ ಕೂಗಿದ. ಇಡೀ ಬಂದರು ಕೇಳಿಸಿಕೊಂಡಿತು. ಹಡಗಿನ ಮೇಲಿದ್ದವರೂ ಇಣುಕಿದರು. ನಿಮ್ಮಣ್ಣ ಒಂದೊಂದೇ ಮೆಟ್ಟಿಲು ಇಳಿದು ಬರುವುದನ್ನು ನೋಡುತ್ತಾ ನಾನು ಗೇಟಿನ ಸರಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಗುರುತು ಬಿದ್ದಿದೆ.

ಕೆಳಗೆ ಬಂದವರು ಮೊದಲು ‘ಯಾರು ಹೋದ್ರು?’ ಅಂದರು. ಯಾರೂ ಇಲ್ಲ, ಮಾತ್ರೆ ಅಂದೆ. ಆಗ ಬಂತು ನೋಡು ಮೂಗಿನ ತುದಿಗೆ ಕೋಪ! ‘ಅವನಿಗೆ ಬರೆದ್ಯಾ? ನುಂಗಕ್ಕಾಗಲ್ಲ ಅಂತಾನೂ ಬರೆದ್ಯಾ?’ ಬರೆದೆ ಅಂದೆ. ಡಾಕ್ಟರ ಮನೆಯವರೆಗೂ ನನಗಿಂತ ಎರಡು ಮಾರು ಮುಂದೆ ನಡೆದರು. ದಾರಿಯಲ್ಲಿ ಒಂದು ಕಡೆ ಗೋಡೆ ಹಿಡಿದು ನಿಂತರು. ಆಗ ನಾನೇ ಹೋಗಿ ತೋಳು ಕೊಟ್ಟೆ. ಬೇಡ ಅನ್ನಲಿಲ್ಲ.

ಡಾಕ್ಟರು ಒತ್ತಡ ನೋಡಿ ಹುಬ್ಬೇರಿಸಿದರು. ‘ಇಷ್ಟು ಕಡಿಮೆ?’ ಅಂದರು. ನಾನು ಕುಟ್ಟಾಣಿಯಿಂದ ಜಾಮಿನವರೆಗೂ ಒಂದೇ ಉಸಿರಿಗೆ ಒದರಿಬಿಟ್ಟೆ. ಅವರು ಪೊಟ್ಟಣ ತೆಗೆದುಕೊಂಡು ನೋಡಿದವರು ತಲೆಯ ಮೇಲೆ ಕೈ ಹೊತ್ತರು. ಅದರ ಮೇಲೆ ಬರೆದೇ ಇದೆ, ಇಡಿಯಾಗಿ ನುಂಗಬೇಕು, ಅಗಿಯಬಾರದು, ಪುಡಿ ಮಾಡಬಾರದು ಅಂತ. ಗುಲಗಂಜಿಗಿಂತ ಸಣ್ಣ ಅಕ್ಷರ. ಊರಿಗೆಲ್ಲ ಸಣ್ಣ ಅಕ್ಷರ ಓದಲು ಗಾಜು ಉಜ್ಜಿಕೊಡುವವಳು ನಾನು, ಮಾತ್ರೆಗಳನ್ನು ಡಬ್ಬಿಗೆ ಸುರಿದುಕೊಂಡು ಪೊಟ್ಟಣವನ್ನು ಮೂಲೆಗೆ ಎಸೆಯುತ್ತಿದ್ದೆ. ಅಲ್ಲೇ ಅತ್ತುಬಿಟ್ಟೆ. ಡಾಕ್ಟರು, ‘ನಾನೂ ಕೇಳ್ಬೇಕಿತ್ತಮ್ಮ, ಕೇಳ್ಲಿಲ್ಲ’ ಅಂದರು. ನಿಮ್ಮಣ್ಣ ಛಾವಣಿ ನೋಡುತ್ತಾ ನನ್ನ ಬೆನ್ನು ತಟ್ಟಿದರು.

ಮಧ್ಯಾಹ್ನದವರೆಗೂ ಅಲ್ಲೇ ಮಲಗಿಸಿಕೊಂಡು ಎರಡೆರಡು ಸಲ ನೋಡಿ ಕಳಿಸಿದರು. ಆ ಮಾತ್ರೆ ನಿಲ್ಲಿಸಿ ಬೇರೆ ಕೊಟ್ಟಿದ್ದಾರೆ. ಚಿಕ್ಕದು, ಬೇಳೆಯಷ್ಟು, ಬೇಕಾದರೆ ಪುಡಿ ಮಾಡಿಯೂ ಕೊಡಬಹುದಂತೆ. ಕೇಳಿಯೇ ಬಂದೆ. ಎರಡು ಸಲ ಕೇಳಿದೆ. ತಪಾಸಣೆ ಆಗುವವರೆಗೂ ಕ್ರೇನ್ ಹತ್ತಬಾರದು. ಅಲ್ಲಿಯವರೆಗೂ ಪಾದ ಉಳುಕಿದೆ ಅಂತ ಇವರು ಬಂದರಿನಲ್ಲಿ ಹೇಳಿದ್ದಾರೆ. ಒಮ್ಮೆ ಎಡಗಾಲು ಕುಂಟುತ್ತಾರೆ, ಒಮ್ಮೆ ಬಲಗಾಲು.

ನಿನ್ನೆ ಬೆಳಿಗ್ಗೆ ತಲೆ ಸುತ್ತಲಿಲ್ಲ. ಇವತ್ತೂ ಇಲ್ಲ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು ಮರಿ. ಆದರೆ ನಿನ್ನ ಹೆಸರೆತ್ತಿದರೆ ಮುಖ ಊದಿಸಿಕೊಳ್ಳುತ್ತಾರೆ. ಊದಿಸಿಕೊಳ್ಳಲಿ, ಜೀವ ಇದ್ದರೆ ತಾನೇ ಮುಖ ಊದುವುದು. ಪೆಟ್ಟಿಗೆ ಖಾಲಿ ಮಾಡಿದೆಯಾ?

ಅತ್ತಿಗೆ


ಜುಲೈ ೩೧

ಅತ್ತಿಗೆ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ನಿಂತೇ ಓದಿದೆ. ಓದಿ ಅತ್ತುಬಿಟ್ಟೆ. ವಾರ್ಡನ್ ಕೂಡ ಪೇಪರ್ ಮಡಚಿಟ್ಟು ಏನಾಯಿತು ಅಂತ ಕೇಳಿದರು. ಅಣ್ಣ ಸರಿಹೋದ ಅಂದೆ.

ದೊಡ್ಡ ಸಿಸ್ಟರಿಗೆ ಹೇಳಿದೆ. ‘ಸರಿ’ ಅಂದರು. ಸ್ವಲ್ಪ ಹೊತ್ತಾದ ಮೇಲೆ ಗಾಡಿಯ ಬೀಗದ ಕೈಯನ್ನು ನನ್ನ ಮುಂದೆ ಇಟ್ಟರು. ನಾನು ಮುಟ್ಟಲಿಲ್ಲ. ‘ನಂಗೆ ಇನ್ನೂ ಭಯ ಆಗುತ್ತೆ ಸಿಸ್ಟರ್’ ಅಂದೆ. ‘ಆಗ್ಲೇಬೇಕು. ಭಯ ಇಲ್ದೋನಿಗೆ ನಾನು ಕೊಡಲ್ಲ’ ಅಂದರು. ಕಾಲು ಮುರಿದ ತಾತ ಊರುಗೋಲು ಹಿಡಿದು ಮನೆಗೆ ಹೋದರು. ಹೋಗುವಾಗ, ‘ಚುಚ್ಚಲಿಲ್ವಲ್ಲ, ಪುಣ್ಯಾತ್ಮ’ ಅಂತ ನನ್ನ ಕೆನ್ನೆ ತಟ್ಟಿದರು.

ಪೆಟ್ಟಿಗೆ ಖಾಲಿ. ತಪಾಸಣೆಯ ದಿನ ನನಗೆ ಊಟ ಇಳಿಯುವುದಿಲ್ಲ, ಮುಗಿದ ಕೂಡಲೇ ಬರೆ. ಅಣ್ಣ ಇನ್ನೂ ಸಿಟ್ಟಾಗಿದ್ದಾನಾ? ಅಲ್ಲ, ಅಣ್ಣ ಹೇಗಿದ್ದಾನೆ?

ಮೈದುನ


ಆಗಸ್ಟ್ ೧೨

ತಮ್ಮಾ,

ನಾನು ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಹೊಂದಿಸಿಕೊಂಡು ಓದು. ಕ್ರೇನಿನ ಮೇಲೆ ಕೂತು ತೊಡೆಯ ಮೇಲೆ ಕಾಗದ ಇಟ್ಟುಕೊಂಡಿದ್ದೇನೆ. ಹೌದು, ಮೇಲೆ. ಪಾಸಾಯಿತು.

ನಿನ್ನ ಮೇಲೆ ಸಿಟ್ಟಿತ್ತು. ನಿನ್ನ ಮುಂದೆ ನಾನು ಯಾವತ್ತೂ ಯಾವುದಕ್ಕೂ ಆಗುವುದಿಲ್ಲ ಅಂದವನಲ್ಲ. ಮಾತ್ರೆ ನುಂಗಲು ಆಗುವುದಿಲ್ಲ ಅಂತ ನಿನಗೆ ಗೊತ್ತಾಯಿತಲ್ಲ ಅಂತ ಒಂದು ವಾರ ನಾಚಿಕೆ. ಮೊನ್ನೆ ತಪಾಸಣೆಗೆ ಸಾಲಿನಲ್ಲಿ ನಿಂತಿದ್ದೆವು, ಎಲ್ಲರೂ ಕ್ರೇನಿನವರೇ. ಬಂದರಿನ ಡಾಕ್ಟರು ಬಾಗಿಲು ತೆರೆದಿಟ್ಟೇ ಪ್ರಶ್ನೆ ಕೇಳುತ್ತಾರೆ. ‘ಮಾತ್ರೆ ಏನಾದ್ರೂ ತಗೊಳ್ತೀರಾ?’ ಅಂದರು. ಸುಮ್ಮನೆ ಹೌದು ಅನ್ನಬಹುದಿತ್ತು. ‘ಕೇಳಿ ಸಾರ್’ ಅಂತ ಎಲ್ಲ ಹೇಳಿದೆ. ಪಾದ ಉಳುಕಿಲ್ಲ ಅಂತಲೂ ಹೇಳಿದೆ. ನಮ್ಮ ಡಾಕ್ಟರ ಚೀಟಿ ಕೊಟ್ಟೆ. ಮಲಗಿಸಿ, ಕೂರಿಸಿ, ನಿಲ್ಲಿಸಿ ಮೂರು ಥರ ನೋಡಿದರು. ಹೊರಗೆ ಬಂದೆ, ಇವರೆಲ್ಲ ಈಗ ಸೇರಿ ಗೇಲಿ ಮಾಡುತ್ತಾರೆ ಅಂದುಕೊಂಡರೆ ಎರಡನೇ ಕ್ರೇನಿನವನು ಪಕ್ಕಕ್ಕೆ ಕರೆದು, ‘ನಂಗೂ ಗಂಟಲಲ್ಲಿ ಇಳಿಯಲ್ಲ ಕಣಣ್ಣಾ, ಅರ್ಧ ಮುರ್ಕೊಂಡು ತಿಂತೀನಿ, ತಪ್ಪಾ?’ ಅಂದ. ಇವತ್ತು ಪೊಟ್ಟಣ ತಗೊಂಡು ಡಾಕ್ಟರ ಹತ್ತಿರ ಹೋಗಿದ್ದಾನೆ.

ಒಂದು ವಿಷಯ ನಿಮ್ಮ ಅತ್ತಿಗೆಗೂ ಹೇಳಿರಲಿಲ್ಲ. ನಿನ್ನೆ ರಾತ್ರಿ ಹೇಳಿದೆ. ನಿನಗೂ ಹೇಳುತ್ತೇನೆ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕಂಟೇನರ್ ಇಳಿಸುತ್ತಿದ್ದೆ. ಕೆಳಗೆ ಕೈ ತೋರಿಸಿ ಸನ್ನೆ ಮಾಡುವವ ನಿಂತಿದ್ದ. ನೀನು ನೋಡಿದ್ದೀಯ, ಮೀಸೆಯವನು, ಮಾತು ಜಾಸ್ತಿ. ಇಳಿಸುತ್ತಾ ಇಳಿಸುತ್ತಾ ನನಗೆ ಕಣ್ಣು ಪೂರ್ತಿ ಕತ್ತಲಾಯಿತು. ಏನೂ ಕಾಣಲಿಲ್ಲ. ಕೈ ತಾನಾಗಿಯೇ ಹಿಡಿಕೆ ಬಿಟ್ಟಿತು, ಬಿಟ್ಟರೆ ಕ್ರೇನ್ ನಿಲ್ಲುತ್ತದೆ, ನಿಂತಿತು. ಕಣ್ಣು ಬಿಟ್ಟು ನೋಡಿದರೆ ಆ ಪೆಟ್ಟಿಗೆ ಅವನ ತಲೆಯ ಮೇಲೆ ತೂಗುತ್ತಿತ್ತು, ಅವನು ಬೆನ್ನು ತಿರುಗಿಸಿಕೊಂಡು ಯಾರ ಜೊತೆಗೋ ಹರಟುತ್ತಿದ್ದ. ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅವತ್ತೇ ನಾನು ಇಳಿದುಬಿಡಬೇಕಿತ್ತು. ಗೂಡಿನಲ್ಲಿ ಚೀಟಿ ಹರಿಯುವುದಕ್ಕೆ ಹೆದರಿ ಇಳಿಯಲಿಲ್ಲ. ದಿನಾ ಏಣಿ ಹತ್ತುವಾಗ ಅವನ ಬೆನ್ನು ಕಾಣುತ್ತಿತ್ತು. ನಿದ್ದೆ ಬರುತ್ತಿರಲಿಲ್ಲ ಕಣೋ. ನೀನು ಆ ಪ್ರಶ್ನೆ ಕೇಳದೆ ಹೋಗಿದ್ದರೆ ನಾನು ಅವನನ್ನು ಕೊಲ್ಲುತ್ತಿದ್ದೆ.

ಈಗ ನಿದ್ದೆ ಬರುತ್ತದೆ. ನಿನ್ನೆ ಮೊದಲ ಪಾಳಿ. ಬೆಳಿಗ್ಗೆಯಿಂದ ಕಣ್ಣು ತಿಳಿಯಾಗಿತ್ತು, ದೂರದ ಹಡಗಿನ ಹಗ್ಗವೂ ಕಾಣುತ್ತಿತ್ತು. ಅವನೇ ಕೆಳಗೆ ಸನ್ನೆ ಮಾಡುತ್ತಿದ್ದ. ಒಂದೊಂದು ಪೆಟ್ಟಿಗೆಯನ್ನೂ ಮಲಗಿದ ಮಗುವನ್ನು ಇಳಿಸುವ ಹಾಗೆ ಇಳಿಸಿದೆ.

ಪಾಳಿ ಮುಗಿದ ಮೇಲೆ ಅವನು ಏಣಿಯ ಬುಡದಲ್ಲಿ ಸಿಕ್ಕ. ‘ಏನಪ್ಪಾ, ಇವತ್ತು ಇಷ್ಟು ನಾಜೂಕು? ಯಾವಾಗ್ಲೂ ಧೊಪ್ ಅಂತ ಹಾಕೋನು’ ಅಂದ. ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಗೇಟಿನವರೆಗೂ ಬಂದೆ. ಅವನು ದಾರಿಯುದ್ದಕ್ಕೂ ಮಗಳ ಪರೀಕ್ಷೆಯ ವಿಷಯ ಹೇಳುತ್ತಲೇ ಇದ್ದ. ನಾನು ಎಲ್ಲವನ್ನೂ ಕೇಳಿಸಿಕೊಂಡೆ.

ಅಣ್ಣ